ಅಂಗಡಿಯಿಂದ ಹೊರಡುವ ಮುನ್ನ



ಒಮ್ಮೆ ಹಬ್ಬದ ಖರೀದಿಗೆಂದು ಬಟ್ಟೆಯಂಗಡಿಗೆ ಹೋಗಿದ್ದೆ. ಬಿಲ್ಲು 2,450 ರೂಪಾಯಿ. ಅವಸರದಲ್ಲಿದ್ದ ಹುಡುಗ ಕಾರ್ಡ್ ಯಂತ್ರದಲ್ಲಿ 24,500 ಎಂದು ನಮೂದಿಸಿದ. ನಾನೂ ನೋಡದೆ ಪಿನ್ ಒತ್ತಿದೆ. ಮೊಬೈಲಿಗೆ ಸಂದೇಶ ಬಂದಾಗ ಎದೆ ಧಸಕ್ಕೆಂದಿತು. ಅದು ಮಗಳ ಕಾಲೇಜು ಶುಲ್ಕಕ್ಕೆಂದು ಕೂಡಿಟ್ಟ ಹಣ!

"ನಾಳೆ ಬನ್ನಿ, ಮಾಲಕರು ಇರುತ್ತಾರೆ" ಎಂದ ಹುಡುಗ. ಸಂಕೋಚದಿಂದ ನಾನು ಹೊರಟೇಬಿಡುತ್ತಿದ್ದೆ. ಪಕ್ಕದಲ್ಲಿದ್ದ ಮಹಿಳೆಯೊಬ್ಬರು "ಇವತ್ತೇ ರದ್ದು ಮಾಡಿಸಿ" ಎಂದು ತಡೆದರು.

ಅವರ ಮಾತಿನ ಅರ್ಥ ನನಗೆ ತಿಳಿದದ್ದು ಆಮೇಲೆ. ನಾವು ಪಿನ್ ಒತ್ತಿದಾಗ ಬ್ಯಾಂಕು ಪಾವತಿಗೆ ಒಪ್ಪಿಗೆ ಕೊಡುತ್ತದೆ, ಅಷ್ಟೆ. ಹಣ ಆ ಕ್ಷಣವೇ ಅಂಗಡಿಯವರ ಕೈಸೇರುವುದಿಲ್ಲ. ಸಾಮಾನ್ಯವಾಗಿ ದಿನದ ಕೊನೆಗೆ ಆ ಯಂತ್ರದ ಎಲ್ಲ ವ್ಯವಹಾರಗಳೂ ಒಟ್ಟಾಗಿ ಲೆಕ್ಕಕ್ಕೆ ಹೋಗುತ್ತವೆ. ಇದಕ್ಕೆ 'ಸೆಟ್ಲ್‌ಮೆಂಟ್' ಎನ್ನುತ್ತಾರೆ. ಅದಕ್ಕೆ ಮುಂಚೆ ಅಂಗಡಿಯವರು ಅದೇ ಯಂತ್ರದಲ್ಲಿ 'ವಾಯ್ಡ್' ಮಾಡಿದರೆ ಇಡೀ ಪಾವತಿಯೇ ರದ್ದಾಗುತ್ತದೆ. ಬಳಿಕ ಸರಿಯಾದ ಮೊತ್ತವನ್ನು ಹೊಸದಾಗಿ ಪಾವತಿಸಬಹುದು. ಸೆಟ್ಲ್‌ಮೆಂಟ್ ಆಗಿಬಿಟ್ಟರೆ ಉಳಿಯುವ ದಾರಿ 'ರಿಫಂಡ್' ಮಾತ್ರ. ಅದಕ್ಕೆ ಹಲವು ದಿನ ಕಾಯಬೇಕು.

ಆದ್ದರಿಂದ ಪಾವತಿಯ ಚೀಟಿಯನ್ನು ಎಸೆಯಬೇಡಿ. ರದ್ದು ಮಾಡಲು ಅದರಲ್ಲಿರುವ ಸಂಖ್ಯೆ ಬೇಕಾಗುತ್ತದೆ. ರದ್ದಾದುದಕ್ಕೂ ಬೇರೆ ಚೀಟಿ ಕೇಳಿ ಪಡೆಯಿರಿ, ಹಣ ಖಾತೆಗೆ ಮರಳುವವರೆಗೆ ಜೋಪಾನವಾಗಿಡಿ.

ಕೆಲವೊಮ್ಮೆ ಖಾತೆಯಿಂದ ಹಣ ಹೋಗಿರುತ್ತದೆ, ಅಂಗಡಿಯ ಯಂತ್ರಕ್ಕೆ ಮಾತ್ರ ಖಚಿತತೆ ಬಂದಿರುವುದಿಲ್ಲ. ಅಂತಹ ಹಣವನ್ನು ವ್ಯವಹಾರದ ದಿನದ ನಂತರ 5 ದಿನಗಳೊಳಗೆ ತಾನಾಗಿಯೇ ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿದೆ. ಇದು ನಮ್ಮ ಹಕ್ಕು.

ಯುಪಿಐಯಲ್ಲಿ ಮಾತ್ರ ಈ ಅವಕಾಶವಿಲ್ಲ. ಹಣ ಒಮ್ಮೆ ಹೋದರೆ ಕಳಿಸಿದವರು ರದ್ದು ಮಾಡಲಾಗದು. ಅಲ್ಲಿ ಇನ್ನಷ್ಟು ಎಚ್ಚರ ಬೇಕು. ಹಾಗೆಯೇ, "ಪಾವತಿ ರದ್ದು ಮಾಡಿಕೊಡುತ್ತೇವೆ, ಒಟಿಪಿ ಹೇಳಿ" ಎಂದು ಯಾರಾದರೂ ಫೋನ್ ಮಾಡಿದರೆ ನಂಬಬೇಡಿ.

ಅಂದು ಹತ್ತು ನಿಮಿಷ ಪಟ್ಟುಹಿಡಿದು ನಿಂತೆ. ಹುಡುಗ ಮಾಲಕರಿಗೆ ಫೋನ್ ಮಾಡಿ ವಾಯ್ಡ್ ಮಾಡಿದ. ಮಗಳ ಶುಲ್ಕ ಉಳಿಯಿತು. ನಾಲ್ಕು ಜನರ ಮುಂದೆ ಹಣದ ಮಾತೆತ್ತಲು ನಾವು ಹಿಂಜರಿಯುತ್ತೇವೆ. ಆದರೆ ಸಹೋದರಿಯರೇ, ನಮ್ಮ ಹಣವನ್ನು ಕೇಳಿ ಪಡೆಯುವುದು ಜಗಳವಲ್ಲ. ಪಿನ್ ಒತ್ತುವ ಮುನ್ನ ಮೊತ್ತ ನೋಡಿ. ತಪ್ಪಾಗಿದ್ದರೆ ಅಲ್ಲಿಯೇ, ಅಂದೇ ಹೇಳಿ. ನಿಮ್ಮ ಹೆಣ್ಣುಮಕ್ಕಳಿಗೂ ಇದನ್ನು ಕಲಿಸಿ.