ಗಂಟೆಗೆ ಇಷ್ಟು ಎಂದರೆ ಯಾವ ಗಂಟೆ?

ಕಾಮರ್ಸ್ ವಿದ್ಯಾರ್ಥಿನಿ ನರ್ಸಿಂಗ್ ಬಗ್ಗೆ ಬರೆಯುತ್ತಿದ್ದಾಳೆ ಎಂದರೆ ನನ್ನ ಕ್ಲಾಸಿನವರು ನಗಬಹುದು. ಆದರೆ ನಾನು ಬರೆಯಹೊರಟಿದ್ದು ಲೆಕ್ಕದ ಬಗ್ಗೆಯೇ. ನರ್ಸಿಂಗ್ ವಿದ್ಯಾರ್ಥಿಗಳಿಗೆ ವಾರ್ಡಿನಲ್ಲಿ ನಿಂತು ಕೆಲಸ ಕಲಿಸುವವರನ್ನು ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಎನ್ನುತ್ತಾರೆ. ಅವರಲ್ಲಿ ಪಾರ್ಟ್ ಟೈಮ್ ಆಗಿ, ಗಂಟೆ ಲೆಕ್ಕದಲ್ಲಿ ದುಡಿಯುವವರ ಸಂಬಳವನ್ನು ನಾವು ತಪ್ಪಾಗಿ ಎಣಿಸುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ. ಸೆಕೆಂಡ್ ಪಿಯುಸಿ ಮುಗಿದ ಮೇಲೆ ನಮ್ಮಲ್ಲೇ ಹಲವರು ನರ್ಸಿಂಗ್ ಕಡೆ ಹೋಗುತ್ತಾರೆ. ಆಗ ಈ ತಪ್ಪು ಲೆಕ್ಕದ ನಷ್ಟ ಅವರಿಗೂ ತಟ್ಟುತ್ತದೆ.

ನನಗೆ ಇದು ಗೊತ್ತಾಗಿದ್ದು ನಮ್ಮ ಆಪಾಳಿಂದ. ಆಪಾ ಎಂದರೆ ನನ್ನ ಸ್ವಂತ ಅಕ್ಕ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಐದು ವರ್ಷ ಸ್ಟಾಫ್ ನರ್ಸ್ ಆಗಿದ್ದಳು. ಮಗುವಾದ ಮೇಲೆ ನೈಟ್ ಡ್ಯೂಟಿ ಆಗುವುದಿಲ್ಲ ಎಂದು ಬಿಟ್ಟು, ಈಗ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಐದು ಗಂಟೆ ಒಂದು ನರ್ಸಿಂಗ್ ಕಾಲೇಜಿನ ಹುಡುಗ ಹುಡುಗಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾಳೆ. ಮಗು ಅಮ್ಮಿಯ ಹತ್ತಿರ ಇರುತ್ತದೆ. ಭಾನುವಾರ ಸಂಜೆ ಅವಳು ವಿದ್ಯಾರ್ಥಿಗಳ ಕೇರ್ ಪ್ಲ್ಯಾನ್ ತಿದ್ದುತ್ತಾ ಕೂತಾಗ ಅಂಕ ಕೂಡಿಸುವ ಕೆಲಸ ನನ್ನದು. ಕೇರ್ ಪ್ಲ್ಯಾನ್ ಅಂದರೆ ಒಬ್ಬ ರೋಗಿಗೆ ಏನು ತೊಂದರೆ, ಅದಕ್ಕೆ ನರ್ಸ್ ಏನು ಮಾಡಬೇಕು, ಮಾಡಿದ್ದರಿಂದ ಏನಾಯಿತು ಎಂದು ಬರೆಯುವ ಹಾಳೆಗಳು. (ರೋಗಿಯ ಪೂರ್ತಿ ಹೆಸರು ಅದರಲ್ಲಿ ಇರುವುದಿಲ್ಲ, ಬರೀ ಮೊದಲ ಅಕ್ಷರ. ಅದನ್ನೂ ಆಪಾ ಮೊದಲ ದಿನವೇ ಹೇಳಿಕೊಟ್ಟಿರುತ್ತಾಳೆ.)

ವಾರ್ಡಿನಲ್ಲಿ ಅವಳು ಏನು ಮಾಡುತ್ತಾಳೆ ಎಂದು ಕೇಳಿದರೆ ಮೊದಮೊದಲು ನನಗೆ ಅದು ಕೆಲಸ ಅಂತಲೇ ಅನಿಸುತ್ತಿರಲಿಲ್ಲ. "ನಿಂತಿರ್ತೀನಿ" ಅನ್ನುತ್ತಿದ್ದಳು. ಹೇಗೆ ನಿಲ್ಲಬೇಕು ಎನ್ನುವುದರಲ್ಲೇ ಎಲ್ಲ ಇದೆ. ವಿದ್ಯಾರ್ಥಿನಿ ಮೊದಲ ಸಲ ಇಂಜೆಕ್ಷನ್ ಕೊಡುವಾಗ ಅವಳ ಮೊಣಕೈ ಪಕ್ಕದಲ್ಲಿ ನಿಲ್ಲಬೇಕು. ಕೈ ಮುಟ್ಟಬಾರದು, ಆದರೆ ಒಂದು ಕ್ಷಣದಲ್ಲಿ ಹಿಡಿಯುವಷ್ಟು ಹತ್ತಿರ ಇರಬೇಕು. ಮುಖ ಗಾಬರಿಯಾದಂತೆ ಕಾಣಬಾರದು, ಏಕೆಂದರೆ ರೋಗಿ ನೋಡುವುದು ಹುಡುಗಿಯನ್ನಲ್ಲ, ಹಿಂದೆ ನಿಂತ ಮೇಡಂ ಮುಖವನ್ನು. ಉಸಿರು ಎಣಿಸುವುದನ್ನು ಕಲಿಸುವಾಗ ಆಪಾ ಒಂದು ಉಪಾಯ ಹೇಳುತ್ತಾಳೆ. ನಾಡಿ ಎಣಿಸಿ ಮುಗಿದ ಮೇಲೂ ಮಣಿಕಟ್ಟು ಬಿಡಬೇಡಿ, ಹಿಡಿದುಕೊಂಡೇ ಎದೆ ಏರಿಳಿಯುವುದನ್ನು ನೋಡಿ ಎಣಿಸಿ. ಉಸಿರು ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ಯಾರ ಉಸಿರಾದರೂ ಬದಲಾಗುತ್ತದೆ. ನಾನು ಮನೆಯಲ್ಲಿ ಅಬ್ಬಾ ಮೇಲೆ ಪ್ರಯೋಗ ಮಾಡಿ ನೋಡಿದೆ, ನಿಜ.

ಭಾಷೆಯದು ಇನ್ನೊಂದು ಪಾಠ. ನಾವು ಇನ್ನೂ ಕಿಮ್ಸ್ ಅಂತಲೇ ಕರೆಯುವ, 1957ರಲ್ಲಿ ಶುರುವಾದ ವಿದ್ಯಾನಗರದ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಗದಗ, ಹಾವೇರಿ, ಕೊಪ್ಪಳ, ಉತ್ತರ ಕನ್ನಡದಿಂದೆಲ್ಲ ಜನ ಬರುತ್ತಾರೆ. ಊರಿನ ಉಳಿದ ದೊಡ್ಡ ಆಸ್ಪತ್ರೆಗಳಲ್ಲೂ ಅಷ್ಟೇ. ಪುಸ್ತಕ ಓದಿ ಬಂದ ವಿದ್ಯಾರ್ಥಿ ಹಳ್ಳಿಯ ಅಜ್ಜನಿಗೆ "ಮಲವಿಸರ್ಜನೆ ಆಯಿತೇ" ಎಂದು ಕೇಳಿದರೆ ಅಜ್ಜ ಪಕ್ಕದ ಮಂಚದವರ ಮುಖ ನೋಡುತ್ತಾನೆ. ಆಪಾ ಮುಂದೆ ಬಂದು "ಸಂಡಾಸಕ್ಕ ಹೋಗಿ ಬಂದ್ರೇನ್ರೀ ಅಜ್ಜಾ?" ಅನ್ನುತ್ತಾಳೆ. ಅಲ್ಲೇ ಎರಡು ಮಂಚದಾಚೆ ಹಳೇ ಹುಬ್ಬಳ್ಳಿಯ ಯಾರೋ ದಾದಿಮಾ ಇದ್ದರೆ ನಮ್ಮ ಮನೆಯ ಉರ್ದು ಹೊರಗೆ ಬರುತ್ತದೆ. ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು ಭಾಷೆ ಎಂದು ನಮ್ಮಂಥವರನ್ನು ಕೆಲವರು ಕನಿಕರದಿಂದ ನೋಡುತ್ತಾರೆ. ವಾರ್ಡಿನಲ್ಲಿ ಅದೇ ನಮ್ಮ ಬಂಡವಾಳ.

ಈಗ ಕಾಮರ್ಸಿನವರು ಗಮನವಿಟ್ಟು ಓದಬೇಕಾದ ಭಾಗ. 500 ಮಿಲಿ ಸಲೈನ್ 4 ಗಂಟೆಯಲ್ಲಿ ಹೋಗಬೇಕು ಎಂದು ಡಾಕ್ಟರು ಬರೆದಿದ್ದಾರೆ ಎಂದುಕೊಳ್ಳಿ. ಮಿಲಿಗೆ 20 ಹನಿ ಬೀಳುವ ಸೆಟ್ ಹಾಕಿದರೆ ಒಟ್ಟು 10,000 ಹನಿ, 240 ನಿಮಿಷ. ಅಂದರೆ ನಿಮಿಷಕ್ಕೆ ಸುಮಾರು 42 ಹನಿ. ಆದರೆ ಮಿಲಿಗೆ 60 ಹನಿ ಬೀಳುವ ಸಣ್ಣ ಹನಿಯ ಸೆಟ್ಟೂ ಇದೆ. ಅದರಲ್ಲಿ ಇದೇ ಲೆಕ್ಕ ನಿಮಿಷಕ್ಕೆ 125 ಹನಿ ಬರುತ್ತದೆ. ಸೆಟ್ ಯಾವುದು ಎಂದು ನೋಡದೆ ದೊಡ್ಡ ಹನಿಯದಕ್ಕೆ 125 ಇಟ್ಟರೆ ನಾಲ್ಕು ಗಂಟೆಯ ಸಲೈನ್ 80 ನಿಮಿಷದಲ್ಲಿ ದೇಹದೊಳಗೆ ಹೋಗಿಬಿಡುತ್ತದೆ. ಹೃದಯ ದುರ್ಬಲವಾಗಿರುವ ವಯಸ್ಸಾದವರಿಗೆ ಅದು ಪ್ರಾಣಕ್ಕೇ ಕುತ್ತು. ನಾವು ಅಕೌಂಟೆನ್ಸಿಯಲ್ಲಿ ಸೊನ್ನೆ ತಪ್ಪಿದರೆ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗುವುದಿಲ್ಲ, ಅಷ್ಟೇ. ಅಲ್ಲಿ ತಪ್ಪು ಆಗುವ ಮೊದಲೇ ಹಿಡಿಯಲು ಒಬ್ಬರು ಬೇಕು. ಕೋರ್ಸ್ ಮುಗಿಸಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸುವವರೆಗೆ ವಿದ್ಯಾರ್ಥಿ ನರ್ಸ್ ಅಲ್ಲ. ಅವಳ ಕೈಯಿಂದ ಆಗುವುದಕ್ಕೆಲ್ಲ ಪಕ್ಕದಲ್ಲಿ ನಿಂತ ನರ್ಸ್ ಉತ್ತರ ಕೊಡಬೇಕು.

ಇದಕ್ಕಾಗಿಯೇ ಭಾರತೀಯ ನರ್ಸಿಂಗ್ ಪರಿಷತ್ತು ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರು ಇರಬೇಕು ಎಂದು ನಿಯಮ ಮಾಡಿದೆ. ಆಪಾಳ ಗುಂಪಿನಲ್ಲಿ ಹನ್ನೆರಡು ಜನ. ಎರಡು ತಾನೇ ಹೆಚ್ಚು ಎನ್ನಬಹುದು. ಒಂದೇ ಹೊತ್ತಿಗೆ ಮೂರು ಮಂಚಗಳಲ್ಲಿ ಔಷಧಿ ಕೊಡುವ ಸಮಯವಾದಾಗ ಆ ಎರಡು ಎಷ್ಟು ಎಂದು ಗೊತ್ತಾಗುತ್ತದೆ ಎನ್ನುತ್ತಾಳೆ ಅವಳು.

ನಾನು ಒಂದು ವಾರ ಅವಳ ಗಂಟೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಸಂಬಳ ಸಿಗುವುದು 20 ಗಂಟೆಗೆ. ವಿದ್ಯಾರ್ಥಿಗಳು ಬರುವ ಅರ್ಧ ಗಂಟೆ ಮೊದಲು ಹೋಗಿ, ರಾತ್ರಿ ಪಾಳಿಯ ಸಿಸ್ಟರ್ ಹತ್ತಿರ ಯಾವ ರೋಗಿ ಹೇಗಿದ್ದಾರೆ ಎಂದು ಕೇಳಿ, ಯಾರಿಗೆ ಯಾವ ಮಂಚ ಎಂದು ಹಂಚಬೇಕು. ನಾಲ್ಕು ದಿನಕ್ಕೆ 2 ಗಂಟೆ. ಹನ್ನೆರಡು ಜನ, ತಲಾ ಎರಡು ಕೇರ್ ಪ್ಲ್ಯಾನ್, ಒಂದಕ್ಕೆ ಹದಿನೈದು ನಿಮಿಷ: 6 ಗಂಟೆ. ಒಟ್ಟು 28 ಗಂಟೆಯ ಕೆಲಸ, 20 ಗಂಟೆಯ ದುಡ್ಡು. ಒಂದು ರೂಪಾಯಿಯ ದುಡಿಮೆಗೆ 71 ಪೈಸೆ. ಮಾನಸಿಕ ಆರೋಗ್ಯದ ಪೋಸ್ಟಿಂಗ್‌ಗೆ ಧಾರವಾಡಕ್ಕೆ ಹೋಗುವ ದಿನಗಳಲ್ಲಿ ಚಿಗರಿ ಬಸ್ಸಿನ ಸಮಯವನ್ನು ನಾನು ಸೇರಿಸಿಲ್ಲ, ಟಿಕೆಟ್ಟನ್ನೂ ಸೇರಿಸಿಲ್ಲ. ಪರೀಕ್ಷೆ ರಜೆಯಲ್ಲಿ ಪೋಸ್ಟಿಂಗ್ ಇಲ್ಲ, ಹಾಗಾಗಿ ಆಗ ಸೊನ್ನೆ.

ಪಾರ್ಟ್ ಟೈಮ್ ಎನ್ನುವುದೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಹಾಗೊಂದು ದಾರಿ ಇಲ್ಲದಿದ್ದರೆ ಆಪಾ ಈಗ ಮನೆಯಲ್ಲಿ ಕೂತಿರುತ್ತಿದ್ದಳು, ಐದು ವರ್ಷದ ಅನುಭವ ಅವಳ ಜೊತೆಗೇ ಕೂತಿರುತ್ತಿತ್ತು. ನಿನ್ನೆ ಮೊನ್ನೆಯವರೆಗೆ ವಾರ್ಡಿನಲ್ಲಿ ದುಡಿದವರು ಕಲಿಸುವುದಕ್ಕೂ, ಹತ್ತು ವರ್ಷ ಬರೀ ಕ್ಲಾಸ್‌ರೂಮಿನಲ್ಲಿದ್ದವರು ಕಲಿಸುವುದಕ್ಕೂ ವ್ಯತ್ಯಾಸವಿದೆ. ನನ್ನ ತಕರಾರು ಆ ಹೆಸರನ್ನು ಅಗ್ಗದ ದುಡಿಮೆಗೆ ಮುಸುಕು ಮಾಡುವುದರ ಮೇಲೆ.

ಆ ಮುಸುಕನ್ನು ಕಾಲೇಜುಗಳು ಮಾತ್ರ ಹಾಕುತ್ತಿಲ್ಲ, ನಮ್ಮ ಮನೆಗಳೂ ಹಾಕುತ್ತವೆ. ಆಪಾ ಸ್ಟಾಫ್ ನರ್ಸ್ ಆಗಿದ್ದಾಗ "ರಾತ್ರಿ ಹೊತ್ತು ಹೊರಗೆ" ಎಂದು ಗೊಣಗುತ್ತಿದ್ದ ಸಂಬಂಧಿಕರೇ ಈಗ "ಟೀಚರ್ ಆಗಿದಾಳೆ, ಮಧ್ಯಾಹ್ನಕ್ಕೆ ಮನೆಗೆ ಬರ್ತಾಳೆ, ಮಾಶಾಅಲ್ಲಾಹ್" ಎನ್ನುತ್ತಾರೆ. ಸಂಬಳ ಎಷ್ಟು ಎಂದು ಕೇಳಿದರೆ "ಹೆಣ್ಣುಮಕ್ಕಳ ಕೈ ಖರ್ಚಿಗೆ ಆಯ್ತು" ಎಂಬ ಉತ್ತರ ಅವರ ಬಾಯಲ್ಲೇ ಸಿದ್ಧವಾಗಿರುತ್ತದೆ. ಪ್ರವಾದಿಯವರ ಕಾಲದಲ್ಲಿ ಗಾಯಾಳುಗಳಿಗೆ ಡೇರೆ ಹಾಕಿ ಶುಶ್ರೂಷೆ ಮಾಡಿದ ರುಫೈದಾ ಅವರ ಹೆಸರನ್ನು ಭಾಷಣದಲ್ಲಿ ಗೌರವದಿಂದ ಹೇಳುತ್ತೇವೆ. ಯುದ್ಧದ ಗಾಯಾಳುಗಳು ಹಗಲು ಮಾತ್ರ ಬರುತ್ತಿದ್ದರೇ ಎಂದು ಯಾರೂ ಕೇಳುವುದಿಲ್ಲ. ಕೈ ಖರ್ಚು ಎಂದು ನಾವೇ ಕರೆದ ಮೇಲೆ ಮ್ಯಾನೇಜ್‌ಮೆಂಟಿನವರು ಅದನ್ನು ಸಂಬಳ ಎಂದು ಯಾಕೆ ಕರೆಯುತ್ತಾರೆ?

ಕೇಳಿದರೆ ಬದಲಾಗುತ್ತದೆ ಎನ್ನುವುದಕ್ಕೆ ಉದಾಹರಣೆ ಇದೆ. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು 2021ರ ಕೊನೆಯಲ್ಲಿ ತರಗತಿ ಬಿಟ್ಟು ಧರಣಿ ಕೂತರು, 2022ರ ಜನವರಿಯಲ್ಲಿ ಸರ್ಕಾರ ಗೌರವಧನ ಹೆಚ್ಚಿಸಿತು. ಖಾಸಗಿ ಆಸ್ಪತ್ರೆಯ ನರ್ಸ್‌ಗಳ ವಿಷಯದಲ್ಲಿ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಮಿತಿ ಮಾಡಲು ಹೇಳಿತು. 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದು ಆ ಸಮಿತಿ ಶಿಫಾರಸು ಮಾಡಿತು. ಆದರೆ ಆಪಾ ಆಸ್ಪತ್ರೆಯ ನರ್ಸ್ ಅಲ್ಲ, ಕಾಲೇಜಿನ ಕಾಯಂ ಉಪನ್ಯಾಸಕಿಯೂ ಅಲ್ಲ. ಎರಡೂ ರಿಜಿಸ್ಟರುಗಳ ನಡುವಿನ ಗೆರೆಯ ಮೇಲೆ ನಿಂತಿದ್ದಾಳೆ.

ನರ್ಸಿಂಗ್ ಬರೀ ಸೈನ್ಸ್‌ನವರಿಗೆ ಎಂದುಕೊಂಡಿರುವ ಆರ್ಟ್ಸ್, ಕಾಮರ್ಸ್ ಗೆಳತಿಯರಿಗೆ ಒಂದು ಮಾತು. ಬಿ.ಎಸ್ಸಿ. ನರ್ಸಿಂಗ್‌ಗೆ ಸೈನ್ಸ್ ಬೇಕು ನಿಜ. ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾಕ್ಕೆ ಯಾವ ವಿಭಾಗದವರಾದರೂ, ಇಂಗ್ಲಿಷ್ ಓದಿ ಶೇ. 40 ಅಂಕ ಪಡೆದಿದ್ದರೆ, ಹದಿನೇಳು ತುಂಬಿದ್ದರೆ ಅರ್ಜಿ ಹಾಕಬಹುದು. ಹುಡುಗರಿಗೂ ಅವಕಾಶವಿದೆ. ಸೀಟು ನೋಡಲು ಹೋದಾಗ ಎಲ್ಲರೂ ಹಾಸ್ಟೆಲ್, ಬಸ್ಸು, ಫೀಸಿನ ಕಂತು ಕೇಳುತ್ತಾರೆ. ವಾರ್ಡಿನಲ್ಲಿ ನಮ್ಮ ಜೊತೆ ಯಾರಿರುತ್ತಾರೆ, ಎಷ್ಟು ಜನಕ್ಕೆ ಒಬ್ಬರು, ಅವರು ವರ್ಷಪೂರ್ತಿ ಇರುತ್ತಾರೋ ಅಥವಾ ನಡುವೆ ಬಿಟ್ಟು ಹೋಗುತ್ತಾರೋ ಎಂದು ಕೂಡ ಕೇಳಿ. ಆಪಾಗಿಂತ ಮೊದಲು ಅದೇ ಗುಂಪಿಗೆ ಒಂದೇ ವರ್ಷದಲ್ಲಿ ಇಬ್ಬರು ಇನ್‌ಸ್ಟ್ರಕ್ಟರ್ ಬಂದು ಹೋಗಿದ್ದರು. ಯಾವ ಹುಡುಗಿಗೆ ಏನು ಕೈ ಹಿಡಿದಿದೆ, ಯಾರಿಗೆ ಇನ್ನೂ ಬಿ.ಪಿ. ನೋಡುವಾಗ ಶಬ್ದ ಕೇಳಿಸುವುದಿಲ್ಲ ಎಂದು ತಿಳಿಯುವುದಕ್ಕೇ ಆಪಾಗೆ ಎರಡು ತಿಂಗಳು ಹಿಡಿಯಿತು.

ಈ ಗಂಟೆಗಳಿಗೂ ದುಡ್ಡು ಕೊಟ್ಟರೆ ಕೊನೆಗೆ ಫೀಸು ಏರುತ್ತದೆ, ಬಡ ಮಕ್ಕಳಿಗೆ ಹೊರೆ ಎಂದು ನಮ್ಮ ಅಬ್ಬಾ ವಾದ ಮಾಡಿದರು. ಅವರಿಗೆ ಅಂಗಡಿ ನಡೆಸಿ ಗೊತ್ತು, ಹಾಗಾಗಿ ಲೆಕ್ಕ ಮಾಡಿಯೇ ತೋರಿಸಿದೆ. ಬಾಕಿ ಉಳಿದಿದ್ದು ವಾರಕ್ಕೆ 8 ಗಂಟೆ. ಹನ್ನೆರಡು ವಿದ್ಯಾರ್ಥಿಗಳಿಗೆ ಹಂಚಿದರೆ ಒಬ್ಬರ ಪಾಲಿಗೆ ಬರುವುದು ಮೇಡಂ ಅವರ 40 ನಿಮಿಷದ ಸಂಬಳ. ವಿದ್ಯಾರ್ಥಿಗಳು ವರ್ಷದ ಮೊದಲಲ್ಲೇ ಕ್ಲಿನಿಕಲ್ ಫೀ ಎಂದು ಬೇರೆ ರಸೀದಿ ಮಾಡಿಸಿ ಕಟ್ಟಿದ್ದಾರೆ, ಒಂದು ರಸೀದಿಯನ್ನು ಆಪಾ ತೋರಿಸಿದ್ದಳು. ಅಬ್ಬಾ ಚಷ್ಮಾ ಹಾಕಿಕೊಂಡು ನನ್ನ ನೋಟ್‌ಬುಕ್ಕಿನ ಪುಟವನ್ನು ಎರಡು ಸಲ ನೋಡಿದರು. "ಹಾಗಾದರೆ ಆ ದುಡ್ಡು ಯಾವ ಖಾತೆಗೆ ಹೋಯಿತು?" ಎಂದು ಕೇಳಿದರು. ಅದನ್ನೇ ನಾನೂ ಕೇಳುತ್ತಿದ್ದೇನೆ.