ಮ್ಯಾಚ್ ನೋಡೋಕೆ ಬಾಟ್ಲಿ ಸಾಲ್ಸಾ ಯಾಕೆ?

ಆರ್‌ಸಿಬಿ ಮ್ಯಾಚ್ ಇದ್ದ ರಾತ್ರಿ ನಮ್ಮ ರೂಮಿಗೆ ಯಾರಾದ್ರೂ ಒಬ್ರು ಸಾಲ್ಸಾ ಬಾಟ್ಲಿ ತಂದೇ ತರ್ತಾರೆ. ನಾನು ಚಿಂತಾಮಣಿ ಕಡೆಯವನು. ರೇಟ್ ಬಿದ್ದಾಗ 15 ಕೆಜಿ ಬಾಕ್ಸ್ ಮಾರಿದ್ರೂ ಕಿತ್ತ ಕೂಲಿ ಹುಟ್ಟಲ್ಲ ಅಂತ ಟೊಮೆಟೊನ ರಸ್ತೆ ಬದಿಗೆ ಸುರಿಯೋದನ್ನ ನೋಡ್ತಾ ಬೆಳೆದೋನು. ನನ್ನ ಮುಂದೆ ವಿನೆಗರ್ ವಾಸನೆಯ ಬಾಟ್ಲಿ ಇಟ್ಟು 'ಸೂಪರ್ ಅಲ್ವಾ ಮಗಾ' ಅಂದ್ರೆ ಮೈ ಉರಿಯುತ್ತೆ.

ವಿ.ವಿ. ಪುರಂನಲ್ಲಿ ಬನ್ ಕಾಂಗ್ರೆಸ್ ತಿಂದಿದ್ದೀರಲ್ಲ? ಅದನ್ನೇ ಬಟ್ಟಲಿಗೆ ಇಳಿಸಿ. ಬಟ್ಟೇಲಿ ಕಟ್ಟಿ ನೀರಿಳಿಸಿದ ಮೊಸರಿಗೆ ಮೆತ್ತಗಿನ ಬೆಣ್ಣೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಬೀಜ ತೆಗೆದ ಟೊಮೆಟೊ ಕಲಸಿ. ತರಿತರಿಯಾಗಿ ಕುಟ್ಟಿದ ಕಾಂಗ್ರೆಸ್ ಕಡ್ಲೆಬೀಜ ಮಾತ್ರ ಟಾಸ್ ಆದ್ಮೇಲೆ. ಮೊದಲೇ ಹಾಕಿದ್ರೆ ಮೆತ್ತಗಾಗುತ್ತೆ. ಬನ್ನನ್ನ ಉದ್ದುದ್ದ ಕತ್ತರಿಸಿ, ಕಾವಲಿ ಮೇಲೆ ಗರಿಗರಿ ಮಾಡಿ, ಅದ್ದಿ ತಿನ್ನಿ. ಟೈಮಿಲ್ವಾ? ಕಪ್‌ಗೆ 2025ರವರೆಗೆ, 18 ಸೀಸನ್ ಕಾದೋರು ನಾವು. ಮೊಸರಿನ ನೀರಿಳಿಯೋ ತನಕ ಕಾಯೋಕಾಗಲ್ವಾ?

'ಎರಡು ಟೊಮೆಟೊ ಹೆಚ್ಚಿದ್ರೆ ರೈತ ಉದ್ಧಾರ ಆಗ್ತಾನಾ' ಅಂತೀರಿ. ಇಲ್ಲ ಸ್ವಾಮಿ. ಆದ್ರೆ 2023ರ ಜುಲೈನಲ್ಲಿ ಕೆಜಿಗೆ 100 ರೂಪಾಯಿ ದಾಟಿದಾಗ ಮೀಮ್ ಮಾಡಿ ಬೈದಿದ್ದು ನೀವೇ ತಾನೆ? ರೇಟ್ ಬಿದ್ದಾಗ ಬಾಟ್ಲಿ ಕೊಳ್ಳೋರೂ ನೀವೇ.

ಮುಂದಿನ ಮ್ಯಾಚಿಗೆ ಬನ್ ತನ್ನಿ. ಟೊಮೆಟೊ ನಮ್ಮಪ್ಪ ಬಸ್ಸಲ್ಲಿ ಕಳಿಸ್ತಾರೆ.