ಕಿರಿದಾದ ಕವಾಟ, ಕಾಯದ ಹೆರಿಗೆ

ಹೃದ್ರೋಗವಿರುವ ಹುಡುಗಿಗೆ ಮದುವೆ ಬೇಡ, ಮದುವೆಯಾಗಿದ್ದರೆ ಬಸಿರು ಬೇಡ, ಹೆತ್ತಿದ್ದರೆ ಮೊಲೆಯೂಡಿಸುವುದು ಬೇಡ ಎಂದು 19ನೇ ಶತಮಾನದ ಯುರೋಪಿನ ವೈದ್ಯರು ಬುದ್ಧಿ ಹೇಳುತ್ತಿದ್ದರು. ಇಂದು ಅದೇ ಕಾಯಿಲೆಯ ಎಷ್ಟೋ ಹೆಣ್ಣುಮಕ್ಕಳು ಸುಖವಾಗಿ ಹೆತ್ತು, ಕೂಸನ್ನೆತ್ತಿಕೊಂಡು ಮನೆ ಸೇರುತ್ತಿದ್ದಾರೆ. ಇದರಲ್ಲಿ ಹೆರಿಗೆ ತಜ್ಞರ, ಹೃದ್ರೋಗ ತಜ್ಞರ ಪಾಲು ಎಲ್ಲರಿಗೂ ಗೊತ್ತು. ಅರಿವಳಿಕೆ ತಜ್ಞರ ಪಾಲನ್ನೂ ಒಮ್ಮೆ ಹಿಂದಿರುಗಿ ನೋಡಬೇಕು.

ನಮ್ಮ ದೇಶದಲ್ಲಿ ಈ ಸಂಕಟದ ಬೇರು ಬಹುಪಾಲು ಬಾಲ್ಯದ ಗಂಟಲುನೋವಿನಲ್ಲಿದೆ. ಸ್ಟ್ರೆಪ್ಟೊಕಾಕಸ್ ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ವರ್ಷಗಳ ತರುವಾಯ ಮೈಟ್ರಲ್ ಕವಾಟವನ್ನು ಕಿರಿದಾಗಿಸುತ್ತದೆ. 4ರಿಂದ 6 ಚದರ ಸೆಂ.ಮೀ. ಇರಬೇಕಾದ ಬಾಯಿ 1.5ಕ್ಕೆ ಇಳಿದರೆ ಕಾಯಿಲೆ ತೀವ್ರವೆಂದೇ ಲೆಕ್ಕ. ಬಸಿರಿನಲ್ಲಿ ರಕ್ತದ ಪ್ರಮಾಣ ಶೇ 40ಕ್ಕೂ ಮೀರಿ ಹೆಚ್ಚುತ್ತದೆ, ನಾಡಿಯೂ ಚುರುಕಾಗುತ್ತದೆ. ಆ ಸಣ್ಣ ಬಾಯಲ್ಲಿ ರಕ್ತ ಇಳಿಯಲು ಸಮಯ ಸಾಲದೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅನೇಕರಿಗೆ ಕಾಯಿಲೆಯ ಸುಳಿವು ಸಿಗುವುದೇ ಆಗ.

ಇಂಥವರ ಹೆರಿಗೆಯಲ್ಲಿ ನೋವೇ ಒಂದು ಅಪಾಯ, ಏಕೆಂದರೆ ಅದು ನಾಡಿಯನ್ನು ಓಡಿಸುತ್ತದೆ. ಹಾಗೆಂದು ಬೆನ್ನಿಗೆ ಒಮ್ಮೆಲೇ ಕೊಡುವ ಸ್ಪೈನಲ್ ಅರಿವಳಿಕೆ ರಕ್ತದೊತ್ತಡವನ್ನು ದಿಢೀರನೆ ಕೆಡವಬಲ್ಲದು. ಎಪಿಡ್ಯೂರಲ್ ಕೊಳವೆಯಲ್ಲಿ ಔಷಧಿಯನ್ನು ತುಸುತುಸುವೇ ಏರಿಸುವ ಕ್ರಮ ಈ ಇಕ್ಕಟ್ಟಿನಿಂದ ದಾರಿ ತೋರಿಸಿತು. ಒತ್ತಡ ಇಳಿದಾಗ ನಾಡಿ ಹೆಚ್ಚಿಸುವ ಎಫೆಡ್ರಿನ್ ಬದಲು ಫಿನೈಲ್‌ಎಫ್ರಿನ್ ಬಂತು. ಹೆರಿಗೆಯ ಬಳಿಕ ಗರ್ಭಕೋಶ ಕುಗ್ಗಿಸಲು ಕೊಡುವ ಆಕ್ಸಿಟೋಸಿನ್ ಅನ್ನು ಒಂದೇ ಸಲ ತಳ್ಳದೆ ನಿಧಾನವಾಗಿ ಹನಿಸುವುದು ರೂಢಿಯಾಯಿತು. ಕವಾಟ ಸೋರುವವರ ಲೆಕ್ಕ ಬೇರೆ. ರಕ್ತನಾಳಗಳು ತುಸು ಸಡಿಲಗೊಂಡರೆ ಅವರ ಹೃದಯಕ್ಕೆ ಹಗುರ.

ಜಪಾನಿನ ಕಾಂಜಿ ಇನೋವೆ 1984ರಲ್ಲಿ ಪ್ರಕಟಿಸಿದ ಬಲೂನ್ ವಿಧಾನದಿಂದ ಬಸಿರಿನಲ್ಲೇ ಎದೆ ತೆರೆಯದೆ ಕವಾಟ ಅಗಲಿಸಲು ಸಾಧ್ಯವಾಯಿತು. ಇನ್ನು ಕೃತಕ ಕವಾಟ ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಂತೆ ಔಷಧಿ ಬೇಕೇ ಬೇಕು. ಚರ್ಮದಡಿ ಕೊಡುವ ಹೆಪಾರಿನ್ನಿನ ಪೂರ್ಣ ಪ್ರಮಾಣ ಬಿದ್ದರೆ 24 ಗಂಟೆ ಕಳೆಯದೆ ಬೆನ್ನಿಗೆ ಸೂಜಿ ಹಾಕುವಂತಿಲ್ಲ. ಹೀಗಾಗಿ ಹೆರಿಗೆಯ ಸಿದ್ಧತೆ ವಾರಗಳ ಮುಂಚೆಯೇ ಆಗಬೇಕು.

ನಾವು ಹಿಂದೆ ಬಿದ್ದಿರುವುದು ಇಲ್ಲೇ. ವಿದ್ಯೆ ಬೆಳೆದಿದೆ, ಆದರೆ ಅರಿವಳಿಕೆ ತಜ್ಞರು ಬಸುರಿಯನ್ನು ಮೊದಲು ಕಾಣುವುದು ಎಷ್ಟೋ ಸಲ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ, ಅದೂ ನಡುರಾತ್ರಿ. ತುಂಬುಬಸುರಿಗೆ ಏದುಸಿರು ಸಹಜ ಎಂಬ ಮಾತು ಮನೆಯಲ್ಲೂ ಕ್ಲಿನಿಕ್ಕಿನಲ್ಲೂ ಕಾಯಿಲೆಯನ್ನು ಮರೆಮಾಡುತ್ತದೆ. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು, ರಕ್ತ ಬೆರೆತ ಕಫ ಸಹಜವಲ್ಲ.

2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ನಡೆಯುತ್ತಿದೆ. ಅಂದು ಪ್ರತಿಯೊಬ್ಬಳ ಎದೆಗೂ ಸ್ಟೆತಾಸ್ಕೋಪ್ ಇಡಬೇಕು. ಅನುಮಾನ ಬಂದರೆ ಎಕೋ ಮಾಡಿಸಿ, ಆರನೇ ತಿಂಗಳೊಳಗೆ ಅರಿವಳಿಕೆ ತಜ್ಞರ ಬಳಿಗೆ ಕಳಿಸಬೇಕು. ಅವರ ಯೋಜನೆ ತಾಯಿ ಕಾರ್ಡಿನಲ್ಲೇ ಬರೆದಿರಬೇಕು. ಹೆರಿಗೆಯಾದೊಡನೆ ಗರ್ಭಕೋಶದ ರಕ್ತ ಹೃದಯಕ್ಕೆ ನುಗ್ಗುವುದರಿಂದ ಬಾಣಂತಿಯ ಮೇಲೆ ಮೂರು ದಿನವಾದರೂ ಕಟ್ಟೆಚ್ಚರ ಬೇಕು. ಇದಕ್ಕೆ ಹೊಸ ಸಂಶೋಧನೆಯೇನೂ ಬೇಕಿಲ್ಲ. ಬಲ್ಲ ವಿದ್ಯೆಯನ್ನು ಸಕಾಲಕ್ಕೆ ಜಿಲ್ಲಾಸ್ಪತ್ರೆಯ ತನಕ ಒಯ್ಯುವ ಹಟ ಬೇಕು.